ಕಾಣದುದರ ಭಯ

ಮಬ್ಬುಗತ್ತಲೆಯಲ್ಲಿ ದಾರಿಯ ಮೇಲೆ ಬಿದ್ದಿರುವ ಹಗ್ಗವನ್ನು ಹಾವೆಂದು ಭ್ರಮಿಸಿ ಬೆಚ್ಚುವುದು ಮನುಷ್ಯನಿಗೆ ಸಹಜ. ಭ್ರಮೆಯ ಸ್ವರೂಪವನ್ನು ವಿವರಿಸಲು ಭಾರತದ ದಾರ್ಶನಿಕರು ಈ ದೃಷ್ಟಾಂತವನ್ನು ಬಹುಕಾಲದಿಂದ ಬಳಸಿಕೊಂಡು ಬಂದಿದ್ದಾರೆ. ಹಗ್ಗ ಕಚ್ಚುವುದಿಲ್ಲ, ಬುಸುಗುಟ್ಟುವುದಿಲ್ಲ, ಅಲುಗುವುದೂ ಇಲ್ಲ. ಆದರೂ ಅದನ್ನು ಕಂಡವನ ಎದೆ ಡವಗುಟ್ಟುತ್ತದೆ, ಮೈ ಬೆವರುತ್ತದೆ, ಇಟ್ಟ ಹೆಜ್ಜೆ ಅಲ್ಲಿಯೇ ನಿಲ್ಲುತ್ತದೆ. ಆ ಹಾವು ಹುಟ್ಟಿದ್ದು ನೋಡುವವನ ಮನಸ್ಸಿನಲ್ಲಿ. ಅದು ಹುಟ್ಟುವುದಕ್ಕೆ ಬೇಕಾದದ್ದು ಅರೆಬೆಳಕು ಮತ್ತು ಸುರುಳಿಯಂತಹ ಒಂದು ಆಕಾರ, ಇಷ್ಟೆ. ದೀಪವನ್ನು ತಂದೊಡನೆ ಹಾವು ಮಾಯವಾಗುತ್ತದೆ. ಅದರೊಡನೆ ಭಯವೂ ಮಾಯವಾಗುತ್ತದೆ.

ಭಯವನ್ನು ಕಲೆಯ ವಸ್ತುವನ್ನಾಗಿ ಮಾಡಿಕೊಳ್ಳಬಹುದೆಂಬುದನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಹೇಳಿರುವ ಎಂಟು ರಸಗಳಲ್ಲಿ ಭಯಾನಕವೂ ಒಂದು. ಭಯವೇ ಅದರ ಸ್ಥಾಯಿಭಾವ. ಆ ಭಾವವನ್ನು ಉಂಟುಮಾಡುವ ಕಾರಣಗಳನ್ನು ಹೇಳುವಾಗ ಭರತನು ವಿಕಾರವಾದ ಧ್ವನಿ, ಅರಣ್ಯ, ಶೂನ್ಯಗೃಹ ಮೊದಲಾದುವನ್ನು ಎಣಿಸುತ್ತಾನೆ. ಶೂನ್ಯಗೃಹವೆಂದರೆ ಯಾರೂ ಇಲ್ಲದ ಮನೆ. ಯಾರೂ ಇಲ್ಲದ ಕಡೆ ಹೆದರಿಸುವವರು ಯಾರು? ಯಾರೋ ಇರಬಹುದೆಂಬ ಶಂಕೆಯೇ ಅಲ್ಲಿ ಹೆದರಿಸುತ್ತದೆ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ತಿಳಿವಳಿಕೆ ಇಂದಿನ ಚಲನಚಿತ್ರಕಲೆಗೂ ಹಾಗೆಯೇ ಅನ್ವಯಿಸುತ್ತದೆ.

ಒಂದು ಕಾಲದಲ್ಲಿ ಚಲನಚಿತ್ರವನ್ನು ತಯಾರಿಸುವುದೆಂದರೆ ಲಕ್ಷಾಂತರ ರೂಪಾಯಿಗಳ ವ್ಯವಹಾರವಾಗಿತ್ತು. ಈಗ ಮೊಬೈಲ್ ಫೋನಿನಲ್ಲಿರುವ ಕ್ಯಾಮೆರಾ ಒಂದಿದ್ದರೆ ಶಾಲೆಯ ವಿದ್ಯಾರ್ಥಿಗಳೂ ಐದು ನಿಮಿಷಗಳ ಕಿರುಚಿತ್ರವನ್ನು ತೆಗೆಯಬಹುದು. ಹೀಗೆ ತೆಗೆಯಲು ಹೊರಟ ಎಳೆಯರು ಹಲವು ವೇಳೆ ಭಯದ ಕಥೆಯನ್ನೇ ಆರಿಸಿಕೊಳ್ಳುತ್ತಾರೆ. ಬಿಳಿಯ ಸೀರೆ, ಕೆದರಿದ ಕೂದಲು, ರಕ್ತಕ್ಕೆ ಬದಲಾಗಿ ಕುಂಕುಮದ ನೀರು, ನಡುವೆ ಒಂದು ಕಿರಿಚಾಟ: ಇಷ್ಟನ್ನು ಸೇರಿಸಿದರೆ ಪ್ರೇಕ್ಷಕರು ನಡುಗಿಹೋಗುವರೆಂದು ಅವರ ಎಣಿಕೆ. ಆದರೆ ಚಿತ್ರವನ್ನು ತೋರಿಸಿದಾಗ ಪ್ರೇಕ್ಷಕರು ನಗುತ್ತಾರೆ. ಇದಕ್ಕೆ ಕಾರಣ ಹಣದ ಕೊರತೆಯೂ ಅಲ್ಲ, ಯಂತ್ರದ ಕೊರತೆಯೂ ಅಲ್ಲ. ಎಲ್ಲವನ್ನೂ ಕಣ್ಣಿಗೆ ತೋರಿಸಿಬಿಟ್ಟಾಗ ನೋಡುವವನ ಮನಸ್ಸಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಹಗ್ಗದ ಮೇಲೆ ದೀಪವನ್ನು ಹಿಡಿದಂತಾಗುತ್ತದೆ.

ಬಡತನವೇ ಕಲೆಗೆ ನೆರವಾದ ಉದಾಹರಣೆಯೊಂದು ಚಲನಚಿತ್ರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. 1942ರಲ್ಲಿ ಅಮೆರಿಕದ ಆರ್‌ಕೆಓ ಎಂಬ ಚಿತ್ರಸಂಸ್ಥೆ ಆರ್ಥಿಕ ಸಂಕಷ್ಟದಲ್ಲಿತ್ತು. ಕಡಿಮೆ ವೆಚ್ಚದಲ್ಲಿ ಭಯಾನಕ ಚಿತ್ರಗಳನ್ನು ತಯಾರಿಸುವ ಹೊಣೆಯನ್ನು ಅದು ವಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ವಹಿಸಿತು. 'ಕ್ಯಾಟ್ ಪೀಪಲ್' ಎಂಬ ಹೆಸರನ್ನು ಸಂಸ್ಥೆಯೇ ಮೊದಲು ಗೊತ್ತುಮಾಡಿತ್ತು; ಆ ಹೆಸರಿಗೆ ತಕ್ಕ ಕಥೆಯನ್ನು ಲ್ಯೂಟನ್ ಮತ್ತು ಅವನ ಸಂಗಡಿಗರು ಕಟ್ಟಬೇಕಾಯಿತು. ಬೇರೊಂದು ಚಿತ್ರಕ್ಕಾಗಿ ನಿರ್ಮಿಸಿದ್ದ ಮೆಟ್ಟಿಲುಗಳ ಸಾಲನ್ನೇ ಅವರು ತಮ್ಮ ಚಿತ್ರಕ್ಕೂ ಬಳಸಿಕೊಂಡರು. ನ್ಯೂಯಾರ್ಕ್ ನಗರದಲ್ಲಿ ವಾಸಿಸುವ ಇರೀನಾ ಎಂಬ ತರುಣಿಗೆ, ಅಸೂಯೆಯೋ ಕೋಪವೋ ಕೆರಳಿದಾಗ ತಾನು ಕರಿಚಿರತೆಯಾಗಿ ಮಾರ್ಪಡುವೆನೆಂಬ ಭೀತಿ. ಇದು ಕಥೆಯ ತಿರುಳು. ನಂಬಲರ್ಹವಾದ ಮೃಗದ ವೇಷವನ್ನು ಸಿದ್ಧಪಡಿಸಲು ಹಣವಿರಲಿಲ್ಲ. ಆದ್ದರಿಂದ ನಿರ್ದೇಶಕ ಜಾಕ್ ಟೂರ್ನರ್ ಮೃಗವನ್ನು ಆದಷ್ಟು ಮಟ್ಟಿಗೆ ಕತ್ತಲೆಯಲ್ಲಿಯೇ ಇರಿಸಿದನು.

ಈ ಚಿತ್ರದ ಒಂದು ಸನ್ನಿವೇಶದಲ್ಲಿ ಆಲಿಸ್ ಎಂಬ ಹೆಂಗಸು ರಾತ್ರಿಯ ಹೊತ್ತು ಉದ್ಯಾನದ ಕಲ್ಲುಗೋಡೆಯ ಪಕ್ಕದಲ್ಲಿ ಒಬ್ಬಳೇ ನಡೆಯುತ್ತಿರುತ್ತಾಳೆ. ಹಿಂದಿನಿಂದ ಇನ್ನೊಬ್ಬಳ ಪಾದರಕ್ಷೆಯ ಸದ್ದು ಕೇಳಿಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಆ ಸದ್ದು ತಟ್ಟನೆ ನಿಂತುಹೋಗುತ್ತದೆ. ಹಿಂಬಾಲಿಸುತ್ತಿದ್ದವಳು ಏನಾದಳು? ಆಲಿಸ್ ಹಿಂದಿರುಗಿ ನೋಡುತ್ತಾಳೆ, ಯಾರೂ ಇಲ್ಲ. ಅವಳು ನಡಿಗೆಯನ್ನು ಬಿರುಸಾಗಿಸುತ್ತಾಳೆ, ಓಡುತ್ತಾಳೆ. ಆಗ ಮೃಗವೊಂದು ಬುಸುಗುಟ್ಟಿದಂತಹ ಶಬ್ದದೊಡನೆ ಏನೋ ಒಂದು ತೆರೆಯೊಳಕ್ಕೆ ನುಗ್ಗುತ್ತದೆ. ಪ್ರೇಕ್ಷಕರು ಕುಳಿತಲ್ಲಿಯೇ ಬೆಚ್ಚಿಬೀಳುತ್ತಾರೆ. ಹಾಗೆ ಬಂದು ನಿಂತದ್ದು ಒಂದು ಬಸ್ಸು ಮಾತ್ರ! ಮುಂದೆ ಚಿತ್ರರಂಗದಲ್ಲಿ ಈ ಬಗೆಯ ತಂತ್ರಕ್ಕೆ 'ಲ್ಯೂಟನ್ ಬಸ್' ಎಂಬ ಹೆಸರೇ ನಿಂತಿತು. ಅದೇ ಚಿತ್ರದ ಈಜುಕೊಳದ ಸನ್ನಿವೇಶದಲ್ಲಿ, ನೀರಿನ ಮೇಲಿನ ಬೆಳಕು ಗೋಡೆಯ ಮೇಲೆಯೂ ಚಾವಣಿಯ ಮೇಲೆಯೂ ನಲುಗುತ್ತಿರುವಾಗ ಒಂದು ನೆರಳು ಹಾದುಹೋಗುತ್ತದೆ. ಗುರುಗುಟ್ಟುವ ಸದ್ದು ಕೇಳುತ್ತದೆ. ಆ ನೆರಳನ್ನು ತನ್ನ ಮುಷ್ಟಿಯನ್ನು ದೀಪದ ಮುಂದೆ ಹಿಡಿದು ಮೂಡಿಸಿದುದಾಗಿ ಟೂರ್ನರ್ ಅನಂತರ ಹೇಳಿದ್ದಾನೆ. ಒಂದು ಮುಷ್ಟಿ, ಒಂದು ದೀಪ, ಒಂದು ಗೋಡೆ: ಇವು ಯಾವ ಹಳ್ಳಿಯ ಶಾಲೆಯಲ್ಲಿ ತಾನೆ ಇಲ್ಲ?

ಇದಕ್ಕಿಂತಲೂ ಚಿಕ್ಕದಾದ ಪ್ರಯತ್ನವೊಂದು 1943ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ನಡೆಯಿತು. ಮಾಯಾ ಡೆರೆನ್ ಮತ್ತು ಆಕೆಯ ಪತಿ ಅಲೆಕ್ಸಾಂಡರ್ ಹಮೀದ್ ತಮ್ಮ ಮನೆಯಲ್ಲಿಯೇ 16 ಮಿಲಿಮೀಟರ್ ಫಿಲ್ಮಿನಲ್ಲಿ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ಎಂಬ ಕಿರುಚಿತ್ರವನ್ನು ತೆಗೆದರು. ಅದರ ಅವಧಿ ಸುಮಾರು 14 ನಿಮಿಷ. ಪಾತ್ರಗಳನ್ನು ವಹಿಸಿದವರೂ ಅವರಿಬ್ಬರೇ. ಬೀಗದ ಕೈ, ಚಾಕು, ಹೂವು, ಕೆಳಗಿಟ್ಟ ಟೆಲಿಫೋನ್, ಮೆಟ್ಟಿಲು ಮುಂತಾದ ನಿತ್ಯದ ವಸ್ತುಗಳೇ ಅದರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಆದರೆ ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಕರಿಯ ಉಡುಪಿನ ಆಕೃತಿಯೊಂದಕ್ಕೆ ಮುಖದ ಬದಲು ಕನ್ನಡಿಯಿದೆ. ಕನಸು ಎಲ್ಲಿ ಮುಗಿಯಿತು, ಎಚ್ಚರ ಎಲ್ಲಿ ತೊಡಗಿತು ಎಂಬುದು ತಿಳಿಯದಾಗುತ್ತದೆ. ಪರಿಚಿತವಾದ ಮನೆಯೇ ಅಪರಿಚಿತವೆನಿಸುವುದು ಎಷ್ಟು ಭೀಕರವೆಂಬುದನ್ನು ಈ ಚಿತ್ರ ತೋರಿಸಿಕೊಟ್ಟಿತು. ಈ ಬಗೆಯ ಚಿತ್ರಗಳನ್ನು ಮನೋವೈಜ್ಞಾನಿಕ ಭಯಾನಕ ಚಿತ್ರಗಳೆಂದು ಕರೆಯಬಹುದು. ಇವುಗಳಲ್ಲಿ ಭಯದ ನೆಲೆ ಹೊರಗಿನ ಭೂತದಲ್ಲಿ ಇರುವುದಿಲ್ಲ. ಪಾತ್ರದ ಮನಸ್ಸಿನಲ್ಲಿ ಇರುತ್ತದೆ.

ಈ ಎರಡು ಚಿತ್ರಗಳಿಂದ ದೊರೆಯುವ ಪಾಠ ಒಂದೇ. ಯಾವುದನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ನಿರ್ಧಾರವೇ ಭಯಾನಕ ಚಿತ್ರದ ಜೀವಾಳ. ಈ ನಿರ್ಧಾರವನ್ನು ಕ್ಯಾಮೆರಾವನ್ನು ಕೈಗೆತ್ತಿಕೊಂಡ ಮೇಲೆ ಮಾಡುವುದು ಸಾಧ್ಯವಿಲ್ಲ. ಅದಕ್ಕೆ ಮೊದಲೇ ಕಾಗದದ ಮೇಲೆ ಮಾಡಿರಬೇಕು. ಯೋಜನೆಯ ಮಹತ್ವವಿರುವುದು ಇಲ್ಲಿಯೇ. ಒಂದು ಕಲ್ಪಿತ ನಿದರ್ಶನದ ಮೂಲಕ ಇದನ್ನು ಪರಿಶೀಲಿಸಬಹುದು.

ಮೊದಲನೆಯದಾಗಿ, ಕಥೆಯನ್ನು ಒಂದೇ ವಾಕ್ಯದಲ್ಲಿ ಬರೆಯಲು ಬರಬೇಕು. ವಿದ್ಯಾರ್ಥಿಗಳ ತಂಡವೊಂದು ಹೀಗೆ ಬರೆದುಕೊಂಡಿತೆಂದು ಭಾವಿಸೋಣ: 'ಸಹಪಾಠಿಯ ಸೈಕಲ್ಲಿನ ಗಂಟೆಯನ್ನು ಕದ್ದು, ಆ ತಪ್ಪಿಗಾಗಿ ಇನ್ನೊಬ್ಬನು ಶಿಕ್ಷೆ ಅನುಭವಿಸುವುದನ್ನು ಸುಮ್ಮನೆ ನೋಡಿದ ಹುಡುಗನೊಬ್ಬನಿಗೆ, ಅಂದಿನ ರಾತ್ರಿ ಮನೆಯಲ್ಲಿ ಒಬ್ಬನೇ ಇರುವಾಗ ಆ ಗಂಟೆಯ ಸದ್ದು ಕೇಳತೊಡಗುತ್ತದೆ.' ಈ ವಾಕ್ಯದಲ್ಲಿ ಭೂತವಿಲ್ಲ, ಕೊಲೆಯಿಲ್ಲ. ಆದರೆ ಭಯಕ್ಕೆ ಬೇಕಾದ ಬೇರು ಇದೆ. ಆ ಹುಡುಗ ಹೆದರುತ್ತಿರುವುದು ತನ್ನ ಮನಸ್ಸಾಕ್ಷಿಗೆ. ಅಂತಹ ಅಳುಕನ್ನು ಒಂದಲ್ಲ ಒಂದು ಸಲ ಅನುಭವಿಸದ ಮನುಷ್ಯನಿಲ್ಲವಾದ್ದರಿಂದ ಪ್ರೇಕ್ಷಕರೂ ಅವನೊಡನೆ ಹೆದರುತ್ತಾರೆ.

ಎರಡನೆಯದಾಗಿ, ಎರಡು ಪಟ್ಟಿಗಳನ್ನು ಸಿದ್ಧಪಡಿಸಬೇಕು. ಒಂದು, ತೆರೆಯ ಮೇಲೆ ತೋರಿಸುವ ವಸ್ತುಗಳ ಪಟ್ಟಿ: ಗಂಟೆಯನ್ನು ಬಿಚ್ಚುವ ಕೈ, ಬಟ್ಟೆಯಲ್ಲಿ ಸುತ್ತಿ ಅದನ್ನು ಬಚ್ಚಿಟ್ಟ ತಗಡಿನ ಪೆಟ್ಟಿಗೆ, ಶಿಕ್ಷೆಗೊಳಗಾದವನ ಖಾಲಿ ಬೆಂಚು, ಬಾಗಿಲಿನ ಅಗುಳಿ. ಇನ್ನೊಂದು, ಎಂದಿಗೂ ತೋರಿಸದಿರುವ ಸಂಗತಿಗಳ ಪಟ್ಟಿ: ಇನ್ನೊಬ್ಬ ಹುಡುಗನಿಗೆ ಶಿಕ್ಷೆಯಾಗುವುದು, ರಾತ್ರಿ ಗಂಟೆಯನ್ನು ಬಾರಿಸುತ್ತಿರುವುದು ಯಾರೆಂಬುದು. ಶಿಕ್ಷೆಯನ್ನು ತರಗತಿಯ ಮುಚ್ಚಿದ ಬಾಗಿಲಿನ ಹೊರಗಿನಿಂದ ಕೇಳಿಸಿದರೆ ಸಾಕು. ಗಂಟೆಯ ಮೂಲವನ್ನು ಕೊನೆಯವರೆಗೂ ತೋರಿಸಕೂಡದು. ಕೊನೆಯ ಗಳಿಗೆಯಲ್ಲಿ ಭೂತವೊಂದನ್ನು ತಂದು ನಿಲ್ಲಿಸುವ ಆಸೆ ತಂಡದಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಆ ಆಸೆಯನ್ನು ತಡೆಯುವುದಕ್ಕಾಗಿಯೇ ಎರಡನೆಯ ಪಟ್ಟಿ ಇರುವುದು.

ಮೂರನೆಯದಾಗಿ ಚಿತ್ರಕಥೆಯನ್ನು ಬರೆಯಬೇಕು. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷವೆಂಬುದು ರೂಢಿಯ ಲೆಕ್ಕ. ಆದ್ದರಿಂದ ಐದು ನಿಮಿಷಗಳ ಚಿತ್ರಕ್ಕೆ ಐದು ಪುಟ ಸಾಕು. ಅನಂತರ ಅದನ್ನು ಬಿಡಿ ಚಿತ್ರಿಕೆಗಳಾಗಿ ವಿಂಗಡಿಸಬೇಕು. 300 ಸೆಕೆಂಡುಗಳ ಚಿತ್ರದಲ್ಲಿ 30 ಚಿತ್ರಿಕೆಗಳಿದ್ದರೆ ಒಂದೊಂದಕ್ಕೆ ಸರಾಸರಿ 10 ಸೆಕೆಂಡು ದೊರೆಯುತ್ತದೆ. ಆರಂಭದ ಚಿತ್ರಿಕೆಗಳು ದೀರ್ಘವಾಗಿದ್ದು, ಭಯ ಬೆಳೆದಂತೆ ಅವು ಕಿರಿದಾಗುತ್ತ ಹೋಗುವುದು ಒಂದು ಕ್ರಮ. ಪ್ರತಿಯೊಂದು ಚಿತ್ರಿಕೆಯೂ ಹೇಗೆ ಕಾಣಬೇಕೆಂಬುದನ್ನು ಚಿಕ್ಕ ಚೌಕಗಳಲ್ಲಿ ಗೆರೆಯ ಚಿತ್ರವಾಗಿ ಬರೆದುಕೊಳ್ಳುವುದು ಒಳ್ಳೆಯದು. ಸತ್ಯಜಿತ್ ರಾಯ್ ಅವರು 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಗಾಗಿ ಇಂತಹ ಚಿತ್ರಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದರು. ರಾಯ್ ಅವರು ನುರಿತ ಚಿತ್ರಕಲಾವಿದರು. ಆದರೆ ವಿದ್ಯಾರ್ಥಿಗಳಿಗೆ ಆ ನೈಪುಣ್ಯ ಬೇಕಿಲ್ಲ. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಪಾತ್ರ ಎಲ್ಲಿರಬೇಕು, ಕತ್ತಲೆ ಎಷ್ಟಿರಬೇಕು ಎಂಬುದು ತಿಳಿದರೆ ಸಾಕು.

ಬೆಚ್ಚಿಬೀಳಿಸುವುದು ಬೇರೆ, ಆತಂಕವನ್ನು ಬೆಳೆಸುವುದು ಬೇರೆ. ಪ್ರಸಿದ್ಧ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸುವಾ ಟ್ರುಫೋನೊಡನೆ ಸಂಭಾಷಿಸುತ್ತ ಈ ಭೇದವನ್ನು ಒಂದು ಉದಾಹರಣೆಯಿಂದ ವಿವರಿಸಿದನು. ಇಬ್ಬರು ಮೇಜಿನ ಬಳಿ ಕುಳಿತು ಮಾತನಾಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿನ ಬಾಂಬು ಸಿಡಿಯುತ್ತದೆ. ಪ್ರೇಕ್ಷಕರಿಗೆ ದೊರೆಯುವುದು ಕೆಲವೇ ಸೆಕೆಂಡುಗಳ ಆಶ್ಚರ್ಯ. ಬಾಂಬು ಇರುವ ಸಂಗತಿಯನ್ನು ಪ್ರೇಕ್ಷಕರಿಗೆ ಮೊದಲೇ ತಿಳಿಸಿದರೆ, ಅದೇ ಸಾಧಾರಣ ಮಾತುಕತೆ ಹದಿನೈದು ನಿಮಿಷಗಳ ಕಾಲ ಅವರನ್ನು ತುದಿಗಾಲಲ್ಲಿ ನಿಲ್ಲಿಸುತ್ತದೆ. ಹುಡುಗನ ಕಥೆಯಲ್ಲಿಯೂ ಗಂಟೆ ಪೆಟ್ಟಿಗೆಯಲ್ಲಿದೆ ಎಂಬುದು ಪ್ರೇಕ್ಷಕರಿಗೆ ಮೊದಲಿನಿಂದ ಗೊತ್ತಿರಬೇಕು. ಆಗ ಆ ಪೆಟ್ಟಿಗೆಯನ್ನು ಸುಮ್ಮನೆ ತೋರಿಸಿದರೂ ಅವರ ಎದೆ ಬಡಿದುಕೊಳ್ಳುತ್ತದೆ.

ನಾಲ್ಕನೆಯ ವಿಷಯ ಶಬ್ದ. ಕಣ್ಣನ್ನು ಮುಚ್ಚಿಕೊಂಡು ದೃಶ್ಯದಿಂದ ಪಾರಾಗಬಹುದು, ಕಿವಿಗೆ ರೆಪ್ಪೆಯಿಲ್ಲ. 1960ರಲ್ಲಿ ಹಿಚ್‌ಕಾಕನ 'ಸೈಕೋ' ಚಿತ್ರ ಸಿದ್ಧವಾಗುತ್ತಿದ್ದಾಗ ಅದರ ಪ್ರಸಿದ್ಧವಾದ ಸ್ನಾನಗೃಹದ ಸನ್ನಿವೇಶಕ್ಕೆ ಸಂಗೀತ ಬೇಡವೆಂದೇ ನಿರ್ದೇಶಕನು ಯೋಚಿಸಿದ್ದನು. ಸಂಗೀತಕಾರ ಬರ್ನಾರ್ಡ್ ಹರ್ಮನ್ ಕೇವಲ ತಂತಿವಾದ್ಯಗಳಿಂದ ಚೀರುವಂತಹ ಧ್ವನಿಯನ್ನು ಹೊರಡಿಸಿ ಕೇಳಿಸಿದಾಗ ಹಿಚ್‌ಕಾಕ್ ತನ್ನ ಅಭಿಪ್ರಾಯವನ್ನು ಬದಲಾಯಿಸಿಕೊಂಡನು. ಆದರೆ ಶಬ್ದದ ಬಲವಿರುವುದು ಅದರ ಮಿತವಾದ ಬಳಕೆಯಲ್ಲಿ. ಹುಡುಗನ ಕಥೆಯಲ್ಲಿ ಗಂಟೆ ನಾಲ್ಕೇ ಸಲ ಕೇಳಿಸಲಿ. ಮೊದಲನೆಯ ಸಲ ಅದನ್ನು ಕದಿಯುವಾಗ ಕೈತಾಗಿ. ಎರಡನೆಯ ಸಲ ರಾತ್ರಿ, ಬೀದಿಯಲ್ಲಿ, ದೂರದಿಂದ. ಅದು ದಾರಿಹೋಕನ ಸೈಕಲ್ಲಿನದೂ ಇರಬಹುದು. ಮೂರನೆಯ ಸಲ ಮನೆಯ ಒಳಗೆ. ನಾಲ್ಕನೆಯ ಸಲ ಪೆಟ್ಟಿಗೆಯಿಂದ. ಹುಡುಗ ನಡುಗುವ ಕೈಯಿಂದ ಪೆಟ್ಟಿಗೆಯನ್ನು ತೆರೆದಾಗ, ಗಂಟೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಕೊಂಡು ಬಿದ್ದಿರುತ್ತದೆ. ಅದು ಬಾರಿಸುವಂತೆಯೇ ಇಲ್ಲ. ಈ ನಾಲ್ಕರ ನಡುವೆ ಗೋಡೆಯ ಹಲ್ಲಿಯ ಲೊಚಗುಟ್ಟುವಿಕೆ, ತೊಟ್ಟಿಕ್ಕುವ ನಲ್ಲಿ, ತಿರುಗುವ ಫ್ಯಾನು, ಇವುಗಳನ್ನು ಬಿಟ್ಟರೆ ಮೌನವೇ ಇರಬೇಕು. ಸದ್ದುಗಳನ್ನು ಚಿತ್ರೀಕರಣದ ಹೊತ್ತಿನಲ್ಲಿ ನೆಚ್ಚಿಕೊಳ್ಳದೆ, ಬೇರೆಯಾಗಿ, ಹತ್ತಿರದಿಂದ ಮುದ್ರಿಸಿಕೊಳ್ಳುವುದು ಲೇಸು.

ಐದನೆಯದು ಬೆಳಕು. ಕತ್ತಲೆಯನ್ನು ತೋರಿಸಲು ಕತ್ತಲೆಯಲ್ಲಿಯೇ ಚಿತ್ರೀಕರಿಸಬೇಕೆಂಬುದು ಹೊಸಬರ ತಪ್ಪು ಕಲ್ಪನೆ. ಬೆಳಕು ತೀರ ಕಡಿಮೆಯಾದಾಗ ಫೋನಿನ ಕ್ಯಾಮೆರಾ ತಾನಾಗಿಯೇ ದೃಶ್ಯವನ್ನು ಬೆಳಗಿಸಲು ಹೊರಡುತ್ತದೆ. ಚಿತ್ರವೆಲ್ಲ ಮರಳು ಚೆಲ್ಲಿದಂತೆ ಕಾಣುತ್ತದೆ. ಆದ್ದರಿಂದ ಒಂದೇ ದೀಪವನ್ನು ಚೌಕಟ್ಟಿನ ಹೊರಗೆ ಒಂದು ಪಕ್ಕದಲ್ಲಿಟ್ಟು, ಮುಖದ ಅರ್ಧವನ್ನು ಬೆಳಗಿಸಿ, ಉಳಿದರ್ಧವನ್ನು ನೆರಳಿಗೆ ಬಿಡಬೇಕು. ಕ್ಯಾಮೆರಾದ ಬೆಳಕಿನ ಪ್ರಮಾಣವನ್ನು ಬದಲಾಗದಂತೆ ಮೊದಲೇ ನಿಲ್ಲಿಸಿಡಬೇಕು. ನೆರಳು ತೀರ ಗಾಢವಾದರೆ ಎದುರಿಗೆ ಬಿಳಿಯ ಪಂಚೆಯೊಂದನ್ನು ಹಿಡಿದರೆ ಸ್ವಲ್ಪ ಬೆಳಕು ಮರಳಿ ಬೀಳುತ್ತದೆ.

ಇಷ್ಟಾದ ಮೇಲೆ ಕೆಲಸದ ಹಂಚಿಕೆ. ನಿರ್ದೇಶನ, ಕ್ಯಾಮೆರಾ, ಶಬ್ದ, ದೀಪ, ಅಭಿನಯ, ಇವುಗಳಿಗೆ ಒಬ್ಬೊಬ್ಬರು ಹೊಣೆಗಾರರಾಗಬೇಕು. ಹಿಂದಿನ ಚಿತ್ರಿಕೆಯಲ್ಲಿ ಅಂಗಿಯ ಗುಂಡಿ ಹಾಕಿತ್ತೇ, ಬಾಗಿಲು ತೆರೆದಿತ್ತೇ ಎಂಬುದನ್ನು ಬರೆದಿಡಲು ಒಬ್ಬರು ಬೇಕು. ಚಿತ್ರೀಕರಣವು ಕಥೆಯ ಅನುಕ್ರಮದಲ್ಲಿ ನಡೆಯಬೇಕಾಗಿಲ್ಲ. ಒಂದು ಸ್ಥಳದ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸಿದರೆ ಸಮಯ ಉಳಿಯುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರ ಮತ್ತು ಮನೆಯ ಹಿರಿಯರ ಅನುಮತಿಯನ್ನು ಮೊದಲೇ ಪಡೆದಿರಬೇಕು. ನೆರೆಹೊರೆಯವರಿಗೂ ತಿಳಿಸಿರಬೇಕು, ಇಲ್ಲವಾದರೆ ರಾತ್ರಿಯ ಕೂಗು ಅವರನ್ನು ನಿಜವಾಗಿಯೇ ಗಾಬರಿಗೊಳಿಸೀತು. ಹರಿತವಾದ ಆಯುಧ, ಬಾವಿಯ ಕಟ್ಟೆ, ರಾತ್ರಿಯ ಮಾಳಿಗೆ, ಇವು ಚಿತ್ರೀಕರಣಕ್ಕೆ ಸಲ್ಲವು. ಅಭಿನಯ ಸಹಜವಾಗಿ ಬರಲೆಂದು ಪಾತ್ರಧಾರಿಯನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದು, ಹೇಳದೆ ಹೆದರಿಸುವುದು ಕಲೆಯಲ್ಲ, ಕ್ರೌರ್ಯ. ಹೆದರಿದವನ ಮೇಲೆ ಹಾವೆಸೆದಂತಹ ಕೆಲಸವದು.

ಚಿತ್ರಿಕೆಗಳನ್ನು ಜೋಡಿಸುವ ಸಂಕಲನದಲ್ಲಿ ಚಿತ್ರವು ಎರಡನೆಯ ಬಾರಿ ಹುಟ್ಟುತ್ತದೆ. ರಷ್ಯಾದ ಲೆವ್ ಕುಲೆಶೋವ್ ಎಂಬ ನಿರ್ದೇಶಕನು ನಟನೊಬ್ಬನ ಒಂದೇ ನಿರ್ವಿಕಾರವಾದ ಮುಖಭಾವವನ್ನು ಒಮ್ಮೆ ಆಹಾರದ ಬಟ್ಟಲಿನೊಡನೆ, ಇನ್ನೊಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿ ತೋರಿಸಿದನೆಂದೂ, ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರೆಂದೂ ಪ್ರಸಿದ್ಧಿಯಿದೆ. ಆದ್ದರಿಂದ ಪಾತ್ರಧಾರಿ ಕಣ್ಣರಳಿಸಿ ಕಿರಿಚಬೇಕಾಗಿಲ್ಲ. ಹುಡುಗನ ಶಾಂತವಾದ ಮುಖದ ಪಕ್ಕದಲ್ಲಿ ಪೆಟ್ಟಿಗೆಯ ಚಿತ್ರಿಕೆಯನ್ನು ಇಟ್ಟರೆ, ಉಳಿದುದನ್ನು ಪ್ರೇಕ್ಷಕರೇ ತುಂಬಿಕೊಳ್ಳುತ್ತಾರೆ.

ಮನಸ್ಸನ್ನು ವಸ್ತುವಾಗಿ ಉಳ್ಳ ಭಯಾನಕ ಚಿತ್ರಕ್ಕೆ ಇನ್ನೊಂದು ಹೊಣೆಯೂ ಇದೆ. ಮನೋರೋಗಿಯನ್ನು ಕ್ರೂರಿಯೆಂದು ಚಿತ್ರಿಸಿ ಪ್ರೇಕ್ಷಕರನ್ನು ಹೆದರಿಸುವುದು ಸುಲಭವಾದ ದಾರಿ. ಎಷ್ಟೋ ಚಿತ್ರಗಳು ಈ ದಾರಿಯನ್ನು ಹಿಡಿದಿವೆ. ಅದರ ಫಲವನ್ನು ಉಣ್ಣುವವರು ನಿಜಜೀವನದ ರೋಗಿಗಳು ಮತ್ತು ಅವರ ಮನೆಯವರು. ರೋಗಕ್ಕಿಂತ ಜನರ ಸಂಶಯದ ನೋಟವೇ ಅವರನ್ನು ಹೆಚ್ಚು ಹಿಂಸಿಸುತ್ತದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿ 1971ರಲ್ಲಿ ತೆರೆಕಂಡ 'ಶರಪಂಜರ' ಈ ಸತ್ಯವನ್ನು ಕನ್ನಡಿಗರ ಮುಂದಿಟ್ಟಿತು. ಚಿಕಿತ್ಸೆ ಪಡೆದು ಮನೆಗೆ ಮರಳಿದ ಕಾವೇರಿಯನ್ನು ಸುತ್ತಲಿನವರು ಮತ್ತೆ ಮೊದಲಿನಂತೆ ಕಾಣಲಾರದೆ ಹೋಗುತ್ತಾರೆ. ಅಲ್ಲಿ ಹೆದರಿಕೆ ಹುಟ್ಟಿಸುವುದು ಕಾವೇರಿಯಲ್ಲ. ಅವಳನ್ನು ಸುತ್ತುವರಿದ ನೋಟಗಳೆಂಬ ಬಾಣಗಳ ಪಂಜರ. ಮಾನಸಿಕ ಅಸ್ವಸ್ಥರಿಗೆ ಘನತೆಯಿಂದ ಬಾಳುವ ಹಕ್ಕಿದೆಯೆಂದು ಭಾರತದ 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯೂ ಸಾರುತ್ತದೆ. ಐದು ನಿಮಿಷಗಳ ಚಿತ್ರವೇ ಆದರೂ ಆ ಹಕ್ಕಿಗೆ ಕುಂದು ತರಬಾರದು. ಆ ಹುಡುಗನ ಕಥೆಯಲ್ಲಿ ಅವನಿಗೆ ಹುಚ್ಚು ಹಿಡಿಯಿತೆಂದು ಮುಗಿಸಿದರೆ ಅದು ಸುಳ್ಳು ಮಾತ್ರವಲ್ಲ, ಅನ್ಯಾಯವೂ ಆದೀತು.

ಹಾಗಾದರೆ ಆ ಕಥೆ ಹೇಗೆ ಮುಗಿಯಬೇಕು? ನಸುಕಿನಲ್ಲಿ ಹುಡುಗ ಶಿಕ್ಷೆ ಅನುಭವಿಸಿದವನ ಮನೆಯ ಮುಂದೆ ನಿಂತಿದ್ದಾನೆ. ಅಂಗೈಯಲ್ಲಿ ಗಂಟೆಯಿದೆ. ಹೆಬ್ಬೆರಳು ಅದರ ಸನ್ನೆಯ ಮೇಲಿದೆ. ಐದನೆಯ ಸಲ ಅದು ಬಾರಿಸುವುದೆಂದು ಪ್ರೇಕ್ಷಕರು ಕಾಯುತ್ತಾರೆ. ಅವನು ಬಾರಿಸುವುದಿಲ್ಲ, ಬಾಗಿಲನ್ನು ತಟ್ಟುತ್ತಾನೆ. ಒಳಗಿನಿಂದ ಹೆಜ್ಜೆಯ ಸದ್ದು ಸಮೀಪಿಸುತ್ತದೆ. ಅಗುಳಿ ಸರಿದ ಸದ್ದಿನೊಡನೆ ತೆರೆ ಕಪ್ಪಾಗುತ್ತದೆ. ರಾತ್ರಿಯ ಗಂಟೆಗಿಂತ ಆ ಬಾಗಿಲೇ ಅವನಿಗೆ ಹೆಚ್ಚು ಭಯಂಕರವಾಗಿತ್ತೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೂ ಅವನು ಅದನ್ನು ತಟ್ಟಿದನೆಂಬುದನ್ನು ಚಿತ್ರ ನೋಡಿದವರು ಬಹಳ ದಿನ ಮರೆಯುವುದಿಲ್ಲ.